ದೀಪಸ್ತಂಭದ ಯಾತ್ರೆ

ವರ್ಜೀನಿಯಾ ವುಲ್ಫ್ ಎಂಬ ಆಂಗ್ಲ ಲೇಖಕಿಯು ೧೯೨೭ರಲ್ಲಿ ಪ್ರಕಟಿಸಿದ ‘ಟು ದಿ ಲೈಟ್‌ಹೌಸ್’ ಕಾದಂಬರಿಯ ವಸ್ತು ಬಲು ಕಿರಿದು: ಬೇಸಗೆಗೆಂದು ಸ್ಕೈ ದ್ವೀಪಕ್ಕೆ ಬಂದ ಸಂಸಾರವೊಂದು ದೋಣಿಯೇರಿ ಕಡಲ ನಡುವಣ ಬಂಡೆಯ ದೀಪಸ್ತಂಭಕ್ಕೆ ಹೋಗಿಬರುವುದು. ಹವೆ ಚೆನ್ನಾಗಿದ್ದರೆ ನಾಳೆಯೇ ಹೊರಡೋಣವೆಂದು ತಾಯಿಯು ಆರು ವರ್ಷದ ಜೇಮ್ಸನಿಗೆ ಮಾತು ಕೊಡುತ್ತಾಳೆ. ಹವೆ ಚೆನ್ನಾಗಿರದೆಂದು ತಂದೆಯು ಆ ಆಸೆಯನ್ನು ಮುರಿಯುತ್ತಾನೆ. ಹತ್ತು ವರ್ಷಗಳ ಮೇಲೆ ಯಾತ್ರೆಯು ಕೈಗೂಡುವಾಗ ತಾಯಿಯು ಬದುಕಿಲ್ಲ. ತಂದೆಯ ಒತ್ತಾಯಕ್ಕೆ ಹೊರಟ ಮಕ್ಕಳು ಮುನಿದು ಕುಳಿತಿದ್ದಾರೆ. ಆದರೂ ಯಾತ್ರೆಯು ಬರಿದಾಗಲಿಲ್ಲ. ಚುಕ್ಕಾಣಿ ಹಿಡಿದು ದೋಣಿಯನ್ನು ಮುಟ್ಟಿಸಿದ ಮಗನನ್ನು ತಂದೆಯು ಕಡೆಗೆ ಮೆಚ್ಚಿ ನುಡಿಯುತ್ತಾನೆ. ಹುಡುಗನು ಸಂತೋಷವನ್ನು ಹೊರಗೆ ತೋರಗೊಡನು. ಅಕ್ಕ ಕ್ಯಾಮ್ ಮಾತ್ರ ಅದನ್ನು ಬಲ್ಲಳು. ಬಾಲ್ಯಕ್ಕೆ ಸಲ್ಲಬೇಕಾದುದು ತಡವಾಗಿ ಸಂದಿತು. ಆ ಮೆಚ್ಚುಗೆಯ ನೆವದಿಂದ ಹತ್ತು ವರ್ಷಗಳ ನಷ್ಟವನ್ನು ಲೇಖಕಿಯು ಮರೆಸದಿರುವುದೇ ಕೃತಿಯ ಹಿರಿಮೆ.