ಕರ್ಕಶಕ್ಕೆ ಪೆಡಲ್ ಕಾರಣವಲ್ಲ

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಅಸಲಿ ಓವರ್‌ಡ್ರೈವ್ (ಒಡೆದ, ಒರಟು ದನಿ) ಎಂದರೆ ವಾಲ್ವ್ ಆಂಪ್ಲಿಫೈಯರನ್ನು ಪೂರ್ತಿ ಏರಿಸಿದಾಗ ಬರುವ ದನಿ. ಕಾಲಡಿಯ ಪೆಡಲ್ ಅದರ ಬಡ ನಕಲು, ಆಂಪ್ ಕೊಳ್ಳಲಾಗದವರ ಸಮಾಧಾನ. ಹೊಸಪೇಟೆ, ಕಂಪ್ಲಿ, ಸಂಡೂರಿನ ಆರ್ಕೆಸ್ಟ್ರಾ ಹುಡುಗರಿಗೂ ಈ ಮಾತು ತಟ್ಟಿದೆ. ಒಳ್ಳೆಯ ಕೈ ಇರುವವರೂ ತಮ್ಮ ಪೆಡಲ್ ಬಗ್ಗೆ ಸಂಕೋಚದಿಂದ ಮಾತಾಡುತ್ತಾರೆ. ಸಂಕೋಚಪಡುವಂಥದ್ದು ಅದರಲ್ಲೇನೂ ಇಲ್ಲ. ಗಾದಿಗನೂರಿನಂಥ ಊರಿನ ಜಾತ್ರೆಯ ರಸಮಂಜರಿಗೆ ಪೆಡಲ್ಲೇ ಸರಿ. ಅಲ್ಲಿ ಕೇಳುವ ಕರ್ಕಶದ ಮೂಲ ಬೇರೆ ಕಡೆ ಇದೆ.

ವಾಲ್ವ್ ಆಂಪಿನ ದನಿ ಚೆಂದ, ಎರಡು ಮಾತಿಲ್ಲ. ಪವರ್ ವಾಲ್ವುಗಳು ತಮ್ಮ ಮಿತಿ ಮುಟ್ಟಿದಾಗ ಅಲೆಯ ತುದಿ ನಯವಾಗಿ ಚಪ್ಪಟೆಯಾಗುತ್ತದೆ. ತಂತಿಯನ್ನು ಮೆಲ್ಲಗೆ ಮೀಟಿದರೆ ದನಿ ತಿಳಿಯಾಗುತ್ತದೆ, ಬಿಗಿಯಾಗಿ ಮೀಟಿದರೆ ಗದರುತ್ತದೆ. ಆದರೆ ಆ ಮಿತಿ ಮುಟ್ಟುವಷ್ಟರಲ್ಲಿ ಸದ್ದು ಎಲ್ಲಿಗೆ ಹೋಗಿರುತ್ತದೆ? 12 ಇಂಚಿನ ಗಿಟಾರ್ ಸ್ಪೀಕರ್ 1 ವ್ಯಾಟಿಗೆ, 1 ಮೀಟರ್ ದೂರದಲ್ಲಿ, ಸಾಮಾನ್ಯವಾಗಿ 97ರಿಂದ 100 ಡೆಸಿಬೆಲ್ ಕೊಡುತ್ತದೆ. 10 ವ್ಯಾಟಿಗೆ ಏರಿಸಿದರೆ ಇನ್ನೂ 10 ಡೆಸಿಬೆಲ್ ಸೇರುತ್ತದೆ. ಚಿಕ್ಕ ಆಂಪ್ ತಂದರಾಯಿತು ಎನ್ನುವವರುಂಟು. 100 ವ್ಯಾಟಿನ ಬದಲು 10 ವ್ಯಾಟಿನದು ತಂದರೂ ಕಿವಿಗೆ ಸದ್ದು ಅರ್ಧಕ್ಕಿಳಿದಂತೆ ಅನಿಸುತ್ತದೆ, ಅಷ್ಟೆ. ಗೋಡೆಗೆ ಗೋಡೆ ತಾಗಿದ ಮನೆಗಳ ನಡುವೆ ಇದನ್ನು ಅಭ್ಯಾಸ ಮಾಡುವುದೆಲ್ಲಿ? 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಾಕಿದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಇನ್ನು ಸಾಗಾಟ: ಫೆಂಡರ್ ಟ್ವಿನ್ ರಿವರ್ಬ್ ಒಂದೇ ಸುಮಾರು 29 ಕಿಲೊ ತೂಗುತ್ತದೆ. ಬೈಕಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಸಾಮಾನಲ್ಲ ಅದು.

ಜಾತ್ರೆಯ ಕರೆಂಟಿನ ಕಥೆಯನ್ನೂ ನೋಡಬೇಕು. ದೀಪದ ಸರ, ಮೈಕ್‌ಸೆಟ್, ಫೋಕಸ್ ಲೈಟು ಎಲ್ಲಕ್ಕೂ ಒಂದೇ ಜನರೇಟರ್. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ತಮ್ಮ ಮಾರ್ಷಲ್ ಆಂಪಿಗೆ ವೇರಿಯಾಕ್ (ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ಸಾಧನ) ಜೋಡಿಸಿ, ಬೇಕೆಂದೇ ವೋಲ್ಟೇಜ್ ಇಳಿಸಿ ನುಡಿಸುತ್ತಿದ್ದರು. ನಮ್ಮಲ್ಲಿ ವೋಲ್ಟೇಜ್ ತಾನಾಗಿಯೇ ಇಳಿಯುತ್ತದೆ, ಯಾವಾಗ ಎಷ್ಟು ಎಂದು ಹೇಳಬರುವುದಿಲ್ಲ. ಅದರ ಜೊತೆಗೆ ವಾಲ್ವ್ ಆಂಪಿನ ದನಿಯೂ ಬದಲಾಗುತ್ತದೆ. 9 ವೋಲ್ಟ್ ಬ್ಯಾಟರಿಯ ಪೆಡಲ್ಲಿಗೆ ಈ ಗೋಳಿಲ್ಲ. ಹಾಡುಗಳ ಸರದಿಯೂ ಪೆಡಲ್ಲಿನ ಪರವೇ: ಗಣೇಶಸ್ತುತಿ ಮುಗಿದ ಕೂಡಲೇ ‘ಪ್ರೇಮಲೋಕ’ದ (1987) ಹಾಡು, ಅದಾದ ಮೇಲೆ ಜನಪದ, ಮತ್ತೆ ಹೊಸ ಸಿನಿಮಾದ ಕುಣಿತ. ನಡುವೆ ಸಿಗುವುದು ನಿರೂಪಕರ ನಾಲ್ಕು ಮಾತಿನಷ್ಟು ಹೊತ್ತು. ಅಷ್ಟರಲ್ಲಿ ತಿಳಿ ದನಿಯಿಂದ ಒರಟು ದನಿಗೆ ಹೋಗಿ ಬರಲು ಕಾಲೇ ಬೇಕು.

ಪೆಡಲ್ ಎಂದರೆ ಆಂಪಿನ ನಕಲು ಎಂಬುದು ಇತಿಹಾಸದ ಮುಂದೆಯೂ ನಿಲ್ಲುವುದಿಲ್ಲ. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನಲ್ಲಿ ಒಡೆದ ದನಿಯೊಂದು ಕೇಳುತ್ತದೆ. ಅದು ಗಿಟಾರ್ ಆಂಪಿನದಲ್ಲ, ನ್ಯಾಶ್‌ವಿಲ್ ಸ್ಟುಡಿಯೊದ ಕೆಟ್ಟುಹೋದ ಮಿಕ್ಸಿಂಗ್ ಕನ್ಸೋಲಿನದು. ಆ ದನಿಯ ಬೆನ್ನುಹತ್ತಿಯೇ 1962ರಲ್ಲಿ ಮ್ಯಾಸ್ಟ್ರೊ ಫಜ್-ಟೋನ್ ಪೆಡಲ್ ಬಂತು, ಒಳಗೆ ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಅದೇ ಹೊತ್ತಿಗೆ ಬೆಂಗಳೂರು ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆ ರೇಡಿಯೊ ವಾಲ್ವುಗಳನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ಒಂದರ ಹಿಂದೊಂದು ತಯಾರಿಸತೊಡಗಿತ್ತು. ಅಲ್ಲಿ ಯಾರೂ ಒಂದನ್ನು ಅಸಲಿ, ಇನ್ನೊಂದನ್ನು ನಕಲಿ ಎಂದಿರಲಾರರು. ಆಂಪ್ ಪಕ್ಷದವರು ಮೆರೆಸುವ ಹೆಸರುಗಳೂ ಅವರ ಕೈಹಿಡಿಯುವುದಿಲ್ಲ. ಸ್ಟೀವಿ ರೇ ವಾನ್ ಅವರ ಫೆಂಡರ್ ಆಂಪುಗಳ ಮುಂದೆ ಟ್ಯೂಬ್ ಸ್ಕ್ರೀಮರ್ ಪೆಡಲ್ ಇತ್ತು. ಬ್ರಯಾನ್ ಮೇ ಅವರ ವಾಕ್ಸ್ ಎಸಿ30 ಮುಂದೆ ಟ್ರೆಬಲ್ ಬೂಸ್ಟರ್ ಇತ್ತು.

ಹಾಗಿದ್ದರೆ ರಸಮಂಜರಿಯಲ್ಲಿ ಗಿಟಾರಿನ ಲೀಡ್ ಶುರುವಾದ ಕೂಡಲೇ ಕಿವಿ ಮುಚ್ಚಿಕೊಳ್ಳುವಂತಾಗುವುದೇಕೆ? ನನ್ನ ತಕರಾರಿನ ತಿರುಳು ಇಲ್ಲಿದೆ. ಡಿಸ್ಟಾರ್ಷನ್ ಎಂದರೆ ಅಲೆಯ ತಲೆ ಕತ್ತರಿಸುವುದು. ಕತ್ತರಿಸಿದಾಗ ಮೂಲ ಸ್ವರದ ಮೇಲೆ ಅದಕ್ಕಿಂತ ಎತ್ತರದ ಹೊಸ ಹಾರ್ಮೋನಿಕ್‌ಗಳ ಹಿಂಡೇ ಏಳುತ್ತದೆ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ್ದನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಅದಕ್ಕೆ ಎತ್ತರದ ಕಂಪನಗಳನ್ನು ಕೇಳಿಸುವ ಟ್ವೀಟರ್ ಇಲ್ಲ, ಇರಬಾರದು ಕೂಡ. ನಮ್ಮಲ್ಲಿ ಪೆಡಲ್ಲಿನ ವಯರು ನೇರವಾಗಿ ಮಿಕ್ಸರಿಗೆ ಹೋಗುತ್ತದೆ, ಅಲ್ಲಿಂದ ಹಾರ್ನ್ ಇರುವ ದೊಡ್ಡ ಬಾಕ್ಸುಗಳಿಗೆ. ಅವು ಗಾಯಕಿಯ ಸಕಾರವನ್ನೂ ತಾಳದ ಝಣತ್ಕಾರವನ್ನೂ ಬಿಡದೆ ಕೇಳಿಸಲೆಂದು ಮಾಡಿದವು. ನುಂಗಬೇಕಾದದ್ದನ್ನು ನುಂಗುವವರಿಲ್ಲದೆ, ಕಾದ ಎಣ್ಣೆಗೆ ನೀರು ಬಿದ್ದಂಥ ಚರಚರ ಮೈದಾನದ ತುಂಬ ಹರಡುತ್ತದೆ. ಜನ ಅದನ್ನು ಕೇಳಿ ಪೆಡಲ್ಲನ್ನು ಬೈಯುತ್ತಾರೆ. ಅದೇ ಮಿಕ್ಸರಿಗೆ ನೇರವಾಗಿ ಹಾಕಿದರೆ ದುಬಾರಿ ಮಾರ್ಷಲ್ ಪ್ರೀಆಂಪ್ ಕೂಡ ಹೀಗೇ ಚರಗುಟ್ಟುತ್ತದೆ. ಆಂಪ್ ಒಳ್ಳೆಯದೋ ಪೆಡಲ್ ಒಳ್ಳೆಯದೋ ಎಂಬ ಜಗಳದಲ್ಲಿ ಸ್ಪೀಕರನ್ನು ಎಲ್ಲರೂ ಮರೆತಿದ್ದಾರೆ.

ನುಡಿಸುವವರ ತಪ್ಪೂ ಒಂದಿದೆ, ಅದನ್ನು ಮುಚ್ಚಿಡಲಾರೆ. ಮನೆಯಲ್ಲಿ ಒಬ್ಬರೇ ಕೂತು ಮಧ್ಯದ ಕಂಪನಗಳನ್ನು ಪೂರ್ತಿ ಇಳಿಸಿ, ಬಾಸ್ ಮತ್ತು ಟ್ರೆಬಲ್ ಏರಿಸಿಕೊಳ್ಳುತ್ತಾರೆ. ಒಂಟಿಯಾಗಿ ಕೇಳಿದರೆ ಅದು ಭಾರಿ ಅನಿಸುತ್ತದೆ. ವೇದಿಕೆಗೆ ಬಂದರೆ ಕೀಬೋರ್ಡ್ ಮತ್ತು ರಿದಮ್ ಪ್ಯಾಡ್ ನಡುವೆ ಗಿಟಾರ್ ಕಾಣೆಯಾಗಿ ಚರಚರ ಮಾತ್ರ ಉಳಿಯುತ್ತದೆ. 1979ರ ಟ್ಯೂಬ್ ಸ್ಕ್ರೀಮರ್ ಇದಕ್ಕೆ ತದ್ವಿರುದ್ಧ: ಬಾಸ್ ಕಡಿದು, 720 ಹರ್ಟ್ಸ್ ಆಸುಪಾಸನ್ನು ಎತ್ತಿ ಹಿಡಿಯುತ್ತದೆ. ವಾದ್ಯಮೇಳದಲ್ಲಿ ಗಿಟಾರಿಗೆ ದಕ್ಕುವ ಜಾಗ ಅದೇ. ಅದರೊಳಗಿನ ಡಯೋಡುಗಳು ಅಲೆಯನ್ನು ಹದವಾಗಿ ಕತ್ತರಿಸುವುದರಿಂದ, ಗಿಟಾರಿನ ವಾಲ್ಯೂಮ್ ಇಳಿಸಿದರೆ ದನಿ ತಿಳಿಯಾಗುತ್ತದೆ. ವಾಲ್ವಿನಷ್ಟು ನಾಜೂಕಾಗಿ ಅಲ್ಲ, ಒಪ್ಪುತ್ತೇನೆ.

ಆದ್ದರಿಂದ ಕೈಯಲ್ಲಿ ದುಡ್ಡು ಕೂಡಿದವರು ಮೊದಲು ವಾಲ್ವ್ ಆಂಪ್ ಹುಡುಕಬೇಡಿ, ಗಿಟಾರ್ ಸ್ಪೀಕರಿನಂತೆ ಆ ಚರಚರವನ್ನು ನುಂಗುವ ಕ್ಯಾಬಿನೆಟ್ ಸಿಮ್ಯುಲೇಟರ್ ಹುಡುಕಿ. ಮಲ್ಟಿ-ಎಫೆಕ್ಟ್ಸ್ ಇಟ್ಟುಕೊಂಡವರಲ್ಲಿ ಬಹಳ ಜನಕ್ಕೆ ಅದು ಈಗಾಗಲೇ ಪೆಟ್ಟಿಗೆಯೊಳಗೆ ಇದೆ, ಆನ್ ಮಾಡಿರುವುದಿಲ್ಲ. ಅದೂ ಇಲ್ಲದವರು ಮೈಕ್‌ಸೆಟ್‌ನವರಿಗೆ ಹೇಳಿ ಗಿಟಾರಿನ ಚಾನೆಲ್ಲಿನಲ್ಲಿ ಟ್ರೆಬಲ್ ಚೆನ್ನಾಗಿ ಇಳಿಸಿ, ಮಧ್ಯವನ್ನು ಏರಿಸಿ ಕೇಳಲಿ. ಇಷ್ಟು ಮಾಡಿದ ಮೇಲೂ ದನಿ ಹಿಡಿಸದಿದ್ದರೆ ಆಂಪಿನ ಮಾತೆತ್ತೋಣ.