ಹೊಳಪಿಗೆ ತೆತ್ತ ಬೆಲೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಲೈಸನ್ಸಿನ ರಿವಾಲ್ವರ್ ಮಾರಾಟಕ್ಕೆ ಬರುವುದು ದಿನನಿತ್ಯದ ಮಾತಲ್ಲ. ಮನೆಯ ಹಿರಿಯರು ತೀರಿಕೊಂಡು, ವಾರಸುದಾರರಿಗೆ ಅದರ ಉಸಾಬರಿ ಬೇಡವೆನಿಸಿದಾಗ ಬರುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು ಎಂದು ಮಿತಿ ಹಾಕಿತು. ಮೂರನೆಯದನ್ನು ಹೊಂದಿದ್ದವರು ಒಂದು ವರ್ಷದೊಳಗೆ ಅದನ್ನು ಠಾಣೆಗೋ ಡೀಲರಿಗೋ ಒಪ್ಪಿಸಬೇಕಾಯಿತು. ಹೀಗೆ ಕೈ ಬದಲಿಸುವ ಹಳೆಯ ರಿವಾಲ್ವರ್‌ಗೆ ಬಹಳ ಸಲ ಹೊಸ ಮೈ ಬಂದಿರುತ್ತದೆ. ಮಾಸಿದ ನೀಲಿಗಪ್ಪು ಬಣ್ಣವನ್ನು ಉಜ್ಜಿ ತೆಗೆದು ಮತ್ತೆ ಕಪ್ಪು ಮಾಡಿಸಿರುತ್ತಾರೆ, ಇಲ್ಲವೇ ಕನ್ನಡಿಯಂತೆ ಹೊಳೆಯುವ ನಿಕ್ಕಲ್ ಹಾಕಿಸಿರುತ್ತಾರೆ. "ಹೊಸದಿದ್ದಂಗೈತ್ರಿ" ಎಂಬ ಮಾತಿನೊಂದಿಗೆ ಬೆಲೆಯೂ ಏರುತ್ತದೆ.

ಹೊಳಪಿಗೆ ಹೀಗೆ ಹೆಚ್ಚು ದುಡ್ಡು ಕೊಡುವ ರೂಢಿ ತಪ್ಪು. ಬಣ್ಣ ಬದಲಾದ ರಿವಾಲ್ವರನ್ನು ಕೊಳ್ಳಲೇಬಾರದು ಎಂದಲ್ಲ. ಆ ಬಣ್ಣ ಹೇಗೆ ಬಂತು, ಬರುವಾಗ ಏನನ್ನು ಅಳಿಸಿತು ಎಂದು ಕೇಳದೆ ಕೊಳ್ಳುವುದೇ ತಪ್ಪು.

ಹಳೆಯ ವಿದೇಶಿ ರಿವಾಲ್ವರ್‌ಗೆ ನಮ್ಮಲ್ಲಿ ಇಷ್ಟು ಬೆಲೆ ಬರಲು ಕಾರಣ ಅದರ ಗುಣವೊಂದೇ ಅಲ್ಲ. 1980ರ ದಶಕದ ನಡುವಿನಿಂದ ಖಾಸಗಿ ಆಮದು ಬಹುಮಟ್ಟಿಗೆ ನಿಂತುಹೋಯಿತು. ಅದಕ್ಕೂ ಮೊದಲು ದೇಶದೊಳಗೆ ಬಂದಿದ್ದಷ್ಟೇ ಇಂದಿಗೂ ಕೈಯಿಂದ ಕೈಗೆ ತಿರುಗುತ್ತಿದೆ. ಸೇನೆ, ಪೊಲೀಸರು ಬಳಸುವ .38, .455, 9 ಮಿ.ಮೀ. ಬೋರುಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದ್ದರಿಂದ ರಿವಾಲ್ವರ್ ಎಂದರೆ ಹೆಚ್ಚಾಗಿ .32 ಬೋರೇ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್, ಅಮೆರಿಕದ ಸ್ಮಿತ್ ಅಂಡ್ ವೆಸನ್, ಕೋಲ್ಟ್ ಎಂಬ ಹೆಸರುಗಳಿಗೆ ಈ ಕೊರತೆಯೇ ಬೆಲೆ ಕಟ್ಟಿದೆ. ಇದರಲ್ಲೊಂದು ವಿಚಿತ್ರವಿದೆ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ ತಯಾರಿಸುತ್ತ ಬಂದಿರುವ .32 ರಿವಾಲ್ವರ್ ಕೂಡ ಮೂಲತಃ ವೆಬ್ಲಿ ಮಾರ್ಕ್ 4ರ ವಿನ್ಯಾಸವನ್ನೇ ಅನುಸರಿಸಿದ್ದು. ಹಾಗಾದರೆ ಹಳೆಯ ವೆಬ್ಲಿಗೆ ಕೊಡುವ ಹೆಚ್ಚುವರಿ ಹಣ ಯಾತಕ್ಕೆ? ಅಂದಿನ ಕೆಲಸಗಾರಿಕೆಗೆ, ಮೈಮೇಲೆ ಒತ್ತಿದ ಆ ಹೆಸರಿಗೆ. ಉಜ್ಜಿ ಹೊಳಪೇರಿಸುವ ಬಫ್ ಚಕ್ರಕ್ಕೆ ಹಿಡಿದಾಗ ಮೊದಲು ಸವೆಯುವುದು ಇವೆರಡೇ.

ಬಳ್ಳಾರಿಯ ಮಟ್ಟಿಗೆ ಆ ಅಕ್ಷರಗಳಿಗೆ ಇನ್ನೂ ಒಂದು ತೂಕವಿದೆ. ಈ ಊರು ಬ್ರಿಟಿಷರ ದಂಡಿನ ಪ್ರದೇಶವಾಗಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ಇಲ್ಲಿನ ಹಳೆಯ ಬಂದೂಕಿನ ಲೈಸನ್ಸುಗಳು 1878ರ ಕಾಯ್ದೆಯ ಕೆಳಗೆ ಹುಟ್ಟಿದವು. ಈಗಿನ 1959ರ ಶಸ್ತ್ರಾಸ್ತ್ರ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್‌ನಲ್ಲಿ. ಹಳೆಯ ಕಾಯ್ದೆಯ ಕಾಲದಲ್ಲಿ ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಗಡಿಯಾರ, ಆಭರಣಗಳ ಜೊತೆಗೆ ಬಂದೂಕನ್ನೂ ಮಾರುತ್ತಿತ್ತು, ನಳಿಗೆಯ ಮೇಲೆ ತನ್ನ ಹೆಸರನ್ನು ಕೆತ್ತಿಸುತ್ತಿತ್ತು. ಇಂಥ ಒಂದು ಸಾಲು ಉಳಿದಿದ್ದರೆ ಆಯುಧ ಯಾವ ದಾರಿಯಲ್ಲಿ ಮನೆಗೆ ಬಂತೆಂದು ತಿಳಿಯುತ್ತದೆ. ಹೊಸದಾಗಿ ಕಾಣಲಿ ಎಂದು ಅದನ್ನು ಉಜ್ಜಿಸಿದರೆ ಮನೆತನದ ಒಂದು ದಾಖಲೆಯೇ ಹೋದಂತೆ.

ರಿವಾಲ್ವರಿನ ನೀಲಿಗಪ್ಪು ಬಣ್ಣ ಪೇಂಟ್ ಅಲ್ಲ. ಉಕ್ಕಿನ ಮೇಲ್ಮೈಯನ್ನೇ ಹದವರಿತು ಆಕ್ಸೈಡ್ ಆಗಿಸಿದ, ಬಹಳ ತೆಳುವಾದ ಪದರ ಅದು. ಹಳೆಯ ಕ್ರಮದಲ್ಲಿ ಲೋಹಕ್ಕೆ ಬೇಕೆಂದೇ ತುಕ್ಕು ಬರಿಸಿ, ಕುದಿಸಿ, ಉಜ್ಜಿ, ಮತ್ತೆ ಮತ್ತೆ ಅದನ್ನೇ ಮಾಡುತ್ತಿದ್ದರು. ಈಗಿನ ಕ್ರಮದಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ದ್ರಾವಣದಲ್ಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದ್ದುತ್ತಾರೆ. ಆ ಶಾಖದಿಂದ ಉಕ್ಕಿನ ಬಲ ಕುಂದುವುದಿಲ್ಲ. ಕೆಡುಕು ಇರುವುದು ಅದಕ್ಕೂ ಮೊದಲಿನ ಉಜ್ಜಾಟದಲ್ಲಿ. ಪದರ ಎಷ್ಟು ತೆಳುವೆಂದರೆ ಕೆಳಗಿನ ತುಕ್ಕಿನ ಗುಳಿಗಳನ್ನು ಅದು ಮುಚ್ಚಲಾರದು. ಗುಳಿ ಕಾಣಬಾರದೆಂದರೆ ಸುತ್ತಲಿನ ಲೋಹವನ್ನೇ ಗುಳಿಯ ಮಟ್ಟಕ್ಕೆ ಇಳಿಸಬೇಕು. ಅವಸರದ ಕೈ ಹಾಗೆಯೇ ಮಾಡುತ್ತದೆ.

ಅದರ ಕುರುಹುಗಳನ್ನು ಬೆಳಕಿಗೆ ಹಿಡಿದು ಓದಬಹುದು. ಚೂಪಾಗಿರಬೇಕಾದ ಅಂಚುಗಳು ಮೊಂಡಾಗಿರುತ್ತವೆ. ಸ್ಕ್ರೂ ರಂಧ್ರದ ಬಾಯಿ ತಟ್ಟೆಯಂತೆ ತಗ್ಗಾಗಿರುತ್ತದೆ. ಒತ್ತಿದ ಅಕ್ಷರಗಳ ಒಂದು ಬದಿ ಆಳ, ಇನ್ನೊಂದು ಬದಿ ಮಸುಕು. 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ ಗುಂಡು ಹಾರಿಸಿ ಪರೀಕ್ಷಿಸಿದ ಮೇಲೆ ಒತ್ತುತ್ತಿದ್ದ ಮುದ್ರೆಗಳು ವೆಬ್ಲಿಯ ನಳಿಗೆ, ಸಿಲಿಂಡರುಗಳ ಮೇಲೆ ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ಯಾಕಿಲ್ಲ ಎಂದು ಮಾರುವವರೇ ಹೇಳಬೇಕು. ಸ್ಮಿತ್ ಅಂಡ್ ವೆಸನ್‌ನ ಹಳೆಯ ರಿವಾಲ್ವರುಗಳಲ್ಲಿ ಹ್ಯಾಮರ್, ಟ್ರಿಗರ್‌ಗಳಿಗೆ ಗಟ್ಟಿಗೊಳಿಸಿದ ಉಕ್ಕಿನ ಬಣ್ಣಬಣ್ಣದ ಮಚ್ಚೆ ಇರುತ್ತದೆ. ಕಾರ್ಖಾನೆಯವರು ಮೈಗೆಲ್ಲ ನಿಕ್ಕಲ್ ಹಾಕಿದಾಗಲೂ ಇವೆರಡನ್ನು ಬಿಡುತ್ತಿದ್ದರು. ಅವೂ ಬೆಳ್ಳಗೆ ಹೊಳೆಯುತ್ತಿದ್ದರೆ ಆ ನಿಕ್ಕಲ್ ಆಮೇಲೆ ಬಂದದ್ದು ಎನ್ನಲು ಬೇರೆ ಪುರಾವೆ ಬೇಡ.

ನಿಕ್ಕಲ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದು ನೀಲಿಯಂತೆ ಮೇಲ್ಮೈಯ ಬದಲಾವಣೆಯಲ್ಲ, ಮೇಲೆ ಕೂರಿಸಿದ ಇನ್ನೊಂದು ಲೋಹ. ದಪ್ಪವಾಗಿ ಕೂತರೆ ಸಿಲಿಂಡರಿನಂಥ ಭಾಗಗಳ ನಯವಾದ ಹೊಂದಾಣಿಕೆ ಕೆಡುತ್ತದೆ. ಲೇಪಕ್ಕೂ ಮೊದಲು ಆಸಿಡ್‌ನಲ್ಲಿ ತೊಳೆಯುವಾಗ ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಹೊಕ್ಕು, ಸ್ಪ್ರಿಂಗಿನಂಥ ಭಾಗಗಳು ಪೆಡಸಾಗಿ ಮುರಿಯಬಹುದು. ಕೆಲವರು ನಿಕ್ಕಲ್ ಕೆಳಗೆ ತಾಮ್ರದ ಪದರ ಕೊಡುತ್ತಾರೆ. ಮೇಲಿನ ಪದರ ಎಲ್ಲಿಯಾದರೂ ಬಿರುಕು ಬಿಟ್ಟಿದ್ದರೆ ನಳಿಗೆ ತೊಳೆಯುವ ಅಮೋನಿಯಾ ದ್ರಾವಣ ಆ ತಾಮ್ರವನ್ನು ತಿಂದು ನಿಕ್ಕಲ್ ಸಿಪ್ಪೆ ಏಳುತ್ತದೆ.

ಲೇಪ ಹಾಕಿಸುವ ಜಾಗವೂ ಮುಖ್ಯ. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಅದಕ್ಕೆಂದೇ ಲೈಸನ್ಸ್ ಬೇಕು. ಬೈಕಿನ ಸೈಲೆನ್ಸರ್‌ಗೆ ಪ್ಲೇಟಿಂಗ್ ಮಾಡುವ ಅಂಗಡಿಯಲ್ಲಿ ರಿವಾಲ್ವರ್ ಬಿಟ್ಟು ಬರುವುದೆಂದರೆ ಲೈಸನ್ಸ್ ಇಲ್ಲದವರ ಕೈಗೆ ಆಯುಧ ಕೊಟ್ಟಂತೆ. 8ನೇ ಸೆಕ್ಷನ್ ಅದಕ್ಕಿಂತ ಕಠಿಣ. ತಯಾರಕರ ಹೆಸರು, ನಂಬರು, ಗುರುತುಗಳನ್ನು ಯಾರೂ ಅಳಿಸುವಂತಿಲ್ಲ, ಅವಿಲ್ಲದ ಬಂದೂಕನ್ನು ಮಾರುವಂತಿಲ್ಲ. ಅಳಿಸಿದ ನಂಬರಿನ ಬಂದೂಕು ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದರೆಂದು, ಬೇರೆ ಸಾಬೀತಾಗುವವರೆಗೆ, ಕಾನೂನು ಭಾವಿಸುತ್ತದೆ. ಎಂದರೆ ಹಿಂದಿನ ಮಾಲೀಕರ ಪಾಲಿಶ್ ಹುಚ್ಚಿಗೆ ಉತ್ತರ ಹೇಳಬೇಕಾದವರು ಈಗ ಕೊಂಡವರು. ವಿದೇಶದ ಸಂಗ್ರಾಹಕರಿಗೆ ಮೂಲ ಬಣ್ಣ ಹೋದರೆ ನಷ್ಟವಾಗುವುದು ಬೆಲೆ. ನಮ್ಮಲ್ಲಿ ಮಸುಕಾದ ಒಂದು ಅಂಕಿ ಕೊಂಡವರನ್ನು ಠಾಣೆಯ ಮೆಟ್ಟಿಲು ಹತ್ತಿಸಬಲ್ಲದು. ಚುನಾವಣೆ ಬಂದಾಗ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಡುವ ಆದೇಶ ಹೊರಡುತ್ತದೆ. ಆಗ ಲೈಸನ್ಸ್ ಪುಸ್ತಕದ ನಂಬರನ್ನೂ ಲೋಹದ ಮೇಲಿನ ನಂಬರನ್ನೂ ತಾಳೆ ನೋಡುವಾಗ 3 ಯಾವುದು, 8 ಯಾವುದು ಎಂಬ ಅನುಮಾನ ಬಂದರೆ ನಿಕ್ಕಲ್ ಹೊಳಪು ಯಾರನ್ನೂ ಕಾಯುವುದಿಲ್ಲ.

ಹೊಸ ಬಣ್ಣದ ಪರವಾಗಿಯೂ ನ್ಯಾಯವಾದ ಮಾತಿದೆ. ಚರ್ಮದ ಹೋಲ್ಸ್ಟರ್‌ನಲ್ಲಿ ವರ್ಷಗಟ್ಟಲೆ ಬಿಟ್ಟ ರಿವಾಲ್ವರ್‌ಗೆ ತುಕ್ಕು ಹಿಡಿಯುವುದು ಖಂಡಿತ. ಹದ ಮಾಡಿದ ಚರ್ಮದಲ್ಲಿ ಉಳಿದ ಲವಣ ತೇವ ಹೀರಿ ಹಿಡಿದಿಡುತ್ತದೆ. ಬಳ್ಳಾರಿಯ ಒಣ ಬಿಸಿಲಿಗಿಂತ ಸಿರುಗುಪ್ಪದ ಕಾಲುವೆ ಬಯಲಿನ ಭತ್ತದ ಗದ್ದೆಗಳ ನಡುವಿನ ಮನೆಯಲ್ಲಿ ಇದು ಬೇಗ ಆಗುವ ಕೆಲಸ. ತುಕ್ಕು ಮುಂದುವರಿಯಲು ಬಿಡುವುದಕ್ಕಿಂತ ಲೈಸನ್ಸ್ ಇರುವ ಕುಶಲಿಗರಿಂದ ಮತ್ತೆ ನೀಲಿ ಮಾಡಿಸುವುದೇ ಮೇಲು. ಕಾರ್ಖಾನೆಗಳೂ ಇದನ್ನು ಮಾಡಿವೆ. ಸ್ಮಿತ್ ಅಂಡ್ ವೆಸನ್‌ಗೆ ವಾಪಸು ಹೋಗಿ ದುರಸ್ತಿಯಾದ ಕೆಲವು ರಿವಾಲ್ವರುಗಳ ಹಿಡಿಯ ಬುಡದಲ್ಲಿ ನಂಬರಿನ ಪಕ್ಕ ನಕ್ಷತ್ರದ ಮುದ್ರೆ ಇರುತ್ತದೆ. ಅದು ಮುಚ್ಚುಮರೆಯಿಲ್ಲದ ಕೆಲಸ: ಬದಲಾಯಿಸಿದ್ದೇವೆ ಎಂದು ಲೋಹದ ಮೇಲೆಯೇ ಬರೆದಿಟ್ಟಿದ್ದಾರೆ. ಒಳ್ಳೆಯ ಕೈಯ ಕೆಲಸದಲ್ಲಿ ಅಕ್ಷರ ಉಳಿದಿರುತ್ತದೆ, ಅಂಚು ಉಳಿದಿರುತ್ತದೆ, ಸಣ್ಣಪುಟ್ಟ ಗುಳಿಗಳೂ ಉಳಿದಿರುತ್ತವೆ. ಅಂಥದ್ದಕ್ಕೆ ಬಣ್ಣ ಮೂಲದ್ದಲ್ಲ ಎಂಬ ಕಾರಣಕ್ಕೆ ಬೆಲೆ ಸ್ವಲ್ಪ ಇಳಿಯಬೇಕೇ ಹೊರತು ಅದನ್ನು ತಳ್ಳಿಹಾಕಬೇಕಿಲ್ಲ.

ಇದೇ ಸಿರುಗುಪ್ಪದ ರೈತರು ಪೇಂಟ್ ಹೊಡೆಸಿದ ಹಳೆಯ ಟ್ರ್ಯಾಕ್ಟರ್ ನೋಡಿ ಮರುಳಾಗುವುದಿಲ್ಲ. ಹೈಡ್ರಾಲಿಕ್ ಎತ್ತಿಸಿ, ಗೇರ್ ಹಾಕಿ, ಇಂಜಿನ್ ಹೊಗೆ ನೋಡಿಯೇ ಮಾತಿಗೆ ಕೂರುತ್ತಾರೆ. ರಿವಾಲ್ವರ್ ಮುಂದೆ ಆ ಜಾಣತನವನ್ನು ಬಿಟ್ಟುಕೊಡಬೇಕಾಗಿಲ್ಲ. ಖಾಲಿ ಇರುವುದನ್ನು ಖಚಿತಪಡಿಸಿಕೊಂಡ ಮೇಲೆ ಡೀಲರ್ ಎದುರಿಗೇ ಹ್ಯಾಮರ್ ನಿಧಾನವಾಗಿ ಎಳೆದಾಗ ಪ್ರತಿ ಚೇಂಬರೂ ನಳಿಗೆಗೆ ನೇರ ಬಂದು ನಿಲ್ಲಬೇಕು, ನಿಂತ ಸಿಲಿಂಡರ್ ಗಡಗಡ ಅಲುಗಬಾರದು. ನಳಿಗೆಯೊಳಗಿನ ಸುರುಳಿ ಗೀರುಗಳು (ರೈಫ್ಲಿಂಗ್) ಚೊಕ್ಕವಾಗಿರಬೇಕು. ಹೊರಗೆ ಕನ್ನಡಿ, ಒಳಗೆ ತುಕ್ಕು ಎಂದಾದರೆ ಮಾತು ಅಲ್ಲಿಗೇ ಮುಗಿಸಬಹುದು. ಬಣ್ಣ ಸವೆದು ಬೂದುಗಟ್ಟಿದರೂ ಅಕ್ಷರಗಳೆಲ್ಲ ಓದಲು ಬರುವ, ಬಿಗಿಯಾಗಿರುವ ರಿವಾಲ್ವರ್ ಪಕ್ಕದಲ್ಲಿದ್ದರೆ ಅದಕ್ಕೇ ಹೆಚ್ಚು ಬೆಲೆ ಸಲ್ಲಬೇಕು.

ಈಗ ಬೇರೆ ದಾರಿಗಳೂ ಇವೆ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಸುಮಾರು ಅರ್ಧ ಕಿಲೋ ತೂಕದ 'ನಿರ್ಭೀಕ್' ರಿವಾಲ್ವರ್ ತಂದಿತು. ಆಗ ಅದರ ಬೆಲೆ 1.22 ಲಕ್ಷ ರೂಪಾಯಿ ದಾಟಿತ್ತು. 2020ರಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರೇ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ .32 ರಿವಾಲ್ವರ್ ತಯಾರಿಕೆಗೆ ಇಳಿಯಿತು. ವೆಬ್ಲಿ ಹೆಸರಿನ ಹೊಸ ರಿವಾಲ್ವರ್ ದೇಶದೊಳಗೇ ತಯಾರಾಗುತ್ತಿರುವಾಗ, ಹೆಸರೇ ಉಜ್ಜಿಹೋದ ಹಳೆಯ ವೆಬ್ಲಿಗೆ ಅದಕ್ಕಿಂತ ಹೆಚ್ಚು ಕೊಡಲು ಕಾರಣ ಉಳಿಯುವುದಿಲ್ಲ.

ಲೈಸನ್ಸ್ ಇರುವ ಒಬ್ಬರು ಮತ್ತೊಬ್ಬರಿಗೆ ನೇರವಾಗಿ ಮಾರುವುದಾದರೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರಿಗೆ ಈ ಅವಧಿ ಸಾಕಷ್ಟು ದೊಡ್ಡದು. ಪೂರ್ತಿ ಹಣ ಎಣಿಸುವ ಮೊದಲು ಲೈಸನ್ಸ್ ಇರುವ ಗನ್‌ಸ್ಮಿತ್‌ಗೆ ತೋರಿಸಬೇಕು, ಹಿಡಿ ಬಿಚ್ಚಿಸಿ ಒಳಗಿನ ಮುದ್ರೆಗಳನ್ನು ನೋಡಬೇಕು, ಹಳೆಯ ಲೈಸನ್ಸಿನ ನಂಬರಿಗೆ ತಾಳೆ ಹಾಕಬೇಕು, ಮತ್ತು ಬಣ್ಣ ಯಾವಾಗ, ಯಾರಲ್ಲಿ ಮಾಡಿಸಿದ್ದೆಂದು ಮಾರುವವರಿಂದ ಬರೆಸಿಕೊಳ್ಳಬೇಕು.