ಕೇಳಿಸಿತು, ಆದರೆ ಕೇಳಿದನೇ?

'ವಾಟ್ ವಿಮೆನ್ ವಾಂಟ್' ಎಂಬ ಅಮೆರಿಕದ ಹಾಸ್ಯಚಿತ್ರದ ಮಾತು ಬಂದಾಗಲೆಲ್ಲ ಅದನ್ನು ನೋಡಿದವರು ಎರಡು ಪಕ್ಷವಾಗುವುದನ್ನು ನಾವು ಕಂಡಿದ್ದೇವೆ. ಒಂದು ಪಕ್ಷಕ್ಕೆ ಅದು ಹೊಟ್ಟೆ ಹಿಡಿದು ನಗಿಸಿದ, ಕೊನೆಗೆ ಒಂದಿಷ್ಟು ಕಣ್ಣು ಒದ್ದೆಯಾಗಿಸಿದ ಒಳ್ಳೆಯ ಚಿತ್ರ. ಇನ್ನೊಂದು ಪಕ್ಷಕ್ಕೆ ಹೆಣ್ಣಿನ ಹೆಸರು ಹೇಳಿ ಗಂಡನ್ನು ಮೆರೆಸಿದ ಚಿತ್ರ. ವಿಚಿತ್ರವೆಂದರೆ, ಹೆಂಗಸರೆಲ್ಲ ಒಂದು ಕಡೆ, ಗಂಡಸರೆಲ್ಲ ಇನ್ನೊಂದು ಕಡೆ ಎಂಬಂತೆ ಈ ಪಕ್ಷಗಳು ಒಡೆಯುವುದಿಲ್ಲ. ಎರಡರಲ್ಲೂ ಇಬ್ಬರೂ ಇರುತ್ತಾರೆ. ಚಿತ್ರ 2000ದ ಡಿಸೆಂಬರಿನಲ್ಲಿ ತೆರೆಕಂಡದ್ದು. ಇಷ್ಟು ವರ್ಷಗಳಾದರೂ ಜಗಳ ಮುಗಿದಿಲ್ಲ. ಮುಗಿಯದಿರುವುದಕ್ಕೆ ಕಾರಣ ಚಿತ್ರದೊಳಗೇ ಇದೆ ಎಂದು ನಮಗೆ ಅನಿಸುತ್ತದೆ.

ನೋಡದವರಿಗಾಗಿ ಕಥೆಯನ್ನು ಹೇಳಬೇಕು. ನಿಕ್ ಮಾರ್ಷಲ್ ಎಂಬವನು ಷಿಕಾಗೋದ ಜಾಹೀರಾತು ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಹೆಂಡತಿಯಿಂದ ದೂರವಾದವನು. ಹರೆಯದ ಮಗಳಿಗೆ ಅಪ್ಪನೆಂಬುದು ಹೆಸರಿಗೆ ಮಾತ್ರ. ಹೆಂಗಸರೆಲ್ಲ ತನ್ನನ್ನು ಮೆಚ್ಚುತ್ತಾರೆಂಬ ನಂಬಿಕೆಯಲ್ಲಿ ಬದುಕುತ್ತಿರುವವನು. ತನಗೇ ಸಿಗುತ್ತದೆಂದು ಕಾದಿದ್ದ ಮೇಲಿನ ಹುದ್ದೆಗೆ ಹೊರಗಿನಿಂದ ಡಾರ್ಸಿ ಎಂಬ ಮಹಿಳೆ ಬರುತ್ತಾಳೆ. ಹೆಂಗಸರಿಗೆ ಸರಕು ಮಾರುವುದು ನಮ್ಮ ಸಂಸ್ಥೆಗೆ ಬರುತ್ತಿಲ್ಲ ಎನ್ನುವ ಡಾರ್ಸಿ, ಲಿಪ್‌ಸ್ಟಿಕ್ಕು, ನೈಲ್ ಪಾಲಿಷ್ಷು ಮುಂತಾದವನ್ನು ಡಬ್ಬಿಯಲ್ಲಿ ತುಂಬಿಸಿ ಪ್ರತಿಯೊಬ್ಬರಿಗೂ ಮನೆಗೆ ಕೊಟ್ಟು ಕಳಿಸುತ್ತಾಳೆ. ನಿಕ್ ರಾತ್ರಿ ಅವನ್ನೆಲ್ಲ ತನ್ನ ಮೈಮೇಲೆ ಪ್ರಯೋಗಿಸಿ, ಕಾಲು ಜಾರಿ, ಹೇರ್ ಡ್ರೈಯರ್ ಸಮೇತ ನೀರಿನ ತೊಟ್ಟಿಗೆ ಬಿದ್ದು ಶಾಕ್ ಹೊಡೆಸಿಕೊಳ್ಳುತ್ತಾನೆ. ಬೆಳಿಗ್ಗೆ ಎದ್ದರೆ ಹೆಂಗಸರ ಮನಸ್ಸಿನಲ್ಲಿರುವುದೆಲ್ಲ ಕಿವಿಗೆ ಬೀಳುತ್ತಿದೆ. ಮೊದಲು ಬೀಳುವುದೇನು? ಕಚೇರಿಯ ಹೆಂಗಸರಲ್ಲಿ ಹೆಚ್ಚಿನವರಿಗೆ ತನ್ನನ್ನು ಕಂಡರೆ ಆಗುವುದಿಲ್ಲ ಎಂಬ ಸಂಗತಿ!

ಈ ತಿರುವು ನಗು ತರಿಸುವಂಥದ್ದೇ. ನಾವೂ ನಕ್ಕೆವು. ಚಿತ್ರವನ್ನು ಮೆಚ್ಚುವವರು ಹೆಚ್ಚಾಗಿ ಹೇಳುವುದೂ ಇದನ್ನೇ. ಮೆಲ್ ಗಿಬ್ಸನ್ ಅದುವರೆಗೆ ಹೊಡೆದಾಟದ, ಸೇಡಿನ ಪಾತ್ರಗಳಿಗೆ ಹೆಸರಾದ ನಟ. ಅಂಥವನು ಕನ್ನಡಿ ಮುಂದೆ ನಿಂತು ಕಾಲಿಗೆ ವ್ಯಾಕ್ಸ್ ಹಾಕಿ ಕಿತ್ತು ಕಿರಿಚುವುದನ್ನು ನೋಡುವುದೇ ಒಂದು ಸಂತೋಷ. ಮದುವೆಯಾಗಿ ಹಲವು ವರ್ಷವಾದ ಹೆಂಗಸರು ಈ ಚಿತ್ರದ ಬಗ್ಗೆ ಹೇಳುವ ಮಾತೊಂದುಂಟು: ನಮ್ಮ ಮನೆಯವರಿಗೂ ಒಂದು ದಿನ, ಒಂದೇ ದಿನ, ಹೀಗೆ ಶಾಕ್ ಹೊಡೆಯಬೇಕಿತ್ತು ಎಂದು. ಇದು ನಗೆಮಾತು ನಿಜ. ಆದರೆ ಅದರ ಹಿಂದೆ ಎಷ್ಟು ವರ್ಷಗಳ ಹೇಳಿಕೊಳ್ಳಲಾಗದ ಮಾತುಗಳಿವೆ ಎಂಬುದನ್ನು ಪಕ್ಕದಲ್ಲಿ ಕೂತ ಗಂಡಸರು ಯೋಚಿಸುವುದು ಅಪರೂಪ. ಅವರೂ ನಕ್ಕು ಸುಮ್ಮನಾಗುತ್ತಾರೆ.

ಹಣದ ಲೆಕ್ಕ ಹೇಳುವುದಾದರೆ ಮೆಚ್ಚಿದವರೇ ಗೆದ್ದರು. ಸುಮಾರು 7 ಕೋಟಿ ಡಾಲರಿನಲ್ಲಿ ತಯಾರಾದ ಚಿತ್ರ ಜಗತ್ತಿನಾದ್ಯಂತ 37 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಮಹಿಳೆಯೊಬ್ಬರು ನಿರ್ದೇಶಿಸಿದ ಚಿತ್ರವೊಂದು ಅಲ್ಲಿಯವರೆಗೆ ಅಷ್ಟು ಗಳಿಸಿರಲಿಲ್ಲ. ನಿರ್ದೇಶಕಿ ನ್ಯಾನ್ಸಿ ಮೇಯರ್ಸ್. ವಿಮರ್ಶಕರ ಅಭಿಪ್ರಾಯ ಮಾತ್ರ ಎರಡಾಗಿತ್ತು. ರೋಜರ್ ಈಬರ್ಟ್‌ರಂಥವರು ನಾಲ್ಕರಲ್ಲಿ ಮೂರು ನಕ್ಷತ್ರ ಕೊಟ್ಟರೆ, ಇನ್ನು ಹಲವರು ಮೂಗು ಮುರಿದರು.

ಮೂಗು ಮುರಿದವರ ಆಕ್ಷೇಪ ಹಗುರವಾದುದಲ್ಲ. ಅವರ ಪ್ರಶ್ನೆ ಇದು: ಒಬ್ಬ ಗಂಡಸಿಗೆ ಇಡೀ ನಗರದ ಹೆಂಗಸರ ಒಳಮನಸ್ಸು ತೆರೆದುಕೊಂಡರೆ ಅವನಿಗೆ ಕೇಳಿಸುವುದು ಇಷ್ಟೇ ಏನು? ಮೈತೂಕ, ಉಡುಪು, ಆ ಗಂಡಸು ಚೆಂದವಿದ್ದಾನೆ, ಈ ಗಂಡಸು ಚೆಂದವಿಲ್ಲ, ಇಷ್ಟೇ? ಮನೆಬಾಡಿಗೆಯ ಚಿಂತೆ ಎಲ್ಲಿ? ಕಾಯಿಲೆ ಬಿದ್ದ ತಾಯಿಯ ಚಿಂತೆ ಎಲ್ಲಿ? ದೇವರ ನೆನಪು, ರಾಜಕೀಯದ ಸಿಟ್ಟು, ಓದಿದ ಪುಸ್ತಕ ಯಾವುದೂ ಇಲ್ಲವೆ? ನಿಕ್‌ನ ಕಚೇರಿಯ ಇಬ್ಬರು ಸಹಾಯಕಿಯರ ಬಳಿ ಹೋಗಿ ಅವನು ಕಿವಿಗೊಟ್ಟರೆ ಏನೂ ಕೇಳಿಸುವುದೇ ಇಲ್ಲ. ಆ ತಲೆಗಳಲ್ಲಿ ಏನೂ ಇಲ್ಲ ಎಂಬುದು ಅಲ್ಲಿನ ನಗೆ. ಹೆಣ್ಣಿನ ಮನಸ್ಸನ್ನು ಅರಿಯಲು ಹೊರಟ ಚಿತ್ರವೇ ಇಬ್ಬರು ಹೆಂಗಸರಿಗೆ ಮನಸ್ಸೇ ಇಲ್ಲ ಎಂದು ನಗಿಸಿದರೆ ಅದನ್ನು ಏನೆನ್ನೋಣ? ಈ ದೃಶ್ಯದಲ್ಲಿ ನಮಗೆ ನಗು ಬರಲಿಲ್ಲ.

ಆದರೂ ಎರಡೂ ಪಕ್ಷದವರು ಒಂದೇ ವಿಷಯದ ಮೇಲೆ ಜಗಳವಾಡುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ನಿಕ್‌ಗೆ ಕೇಳಿಸಿದ್ದು ಹೆಂಗಸರ ನಿಜವಾದ ಮನಸ್ಸೋ ಅಲ್ಲವೋ ಎಂಬುದೇ ಅವರ ವಾದ. ನಮ್ಮ ಪ್ರಶ್ನೆ ಅದಕ್ಕಿಂತ ಹಿಂದಿನದು. ಕೇಳಿಸಿಕೊಳ್ಳಲು ಅವನು ಯಾರು?

ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಇಂಗ್ಲಿಷಿನವರಿಗೆ ಅದಕ್ಕೆ ಬೇರೆ ಬೇರೆ ಶಬ್ದಗಳು ಬೇಕು. ನಿಕ್ ಮಾಡುವುದು ಇದರಲ್ಲಿ ಅರ್ಧವನ್ನು ಮಾತ್ರ. ಯಾರನ್ನೂ ಏನನ್ನೂ ಕೇಳದೆ ಎಲ್ಲರ ಮಾತನ್ನೂ ಕೇಳುತ್ತಾನೆ. ಪರರ ಮನೆಯೊಳಗೆ ಕಾಲಿಡುವಾಗ ಹೊಸ್ತಿಲಲ್ಲಿ ನಿಂತು ಕೂಗಬೇಕು, ಒಳಗಿನವರು ಬನ್ನಿ ಎಂದ ಮೇಲೆ ಹೋಗಬೇಕು ಎಂಬುದು ಮಕ್ಕಳಿಗೂ ಗೊತ್ತಿರುವ ರೀತಿ. ಮನಸ್ಸು ಮನೆಗಿಂತ ಕಡಿಮೆಯೇ?

ಚಿತ್ರದಲ್ಲಿ ಬೆಟ್ ಮಿಡ್ಲರ್ ಆಡಿರುವ ಮನೋವೈದ್ಯೆಯ ಪಾತ್ರವೊಂದಿದೆ. ಈ ಹೊಸ ಶಕ್ತಿಯಿಂದ ಕಂಗೆಟ್ಟು ಬಂದ ನಿಕ್‌ಗೆ ಅವಳು ಫ್ರಾಯ್ಡನ ಪ್ರಸಿದ್ಧ ಪ್ರಶ್ನೆಯನ್ನು ನೆನಪಿಸುತ್ತಾಳೆ. ಹೆಣ್ಣಿಗೆ ಏನು ಬೇಕು ಎಂಬುದು ಆ ಮಹಾಶಯನಿಗೂ ಬಿಡಿಸಲಾಗದ ಒಗಟಾಗಿತ್ತು. ನಿನಗೆ ಅದರ ಉತ್ತರ ಸಿಕ್ಕಿದೆ, ಜಗತ್ತನ್ನೇ ಆಳಬಹುದು ಎಂಬಂತೆ ಅವಳು ಹುರಿದುಂಬಿಸಿ ಕಳಿಸುತ್ತಾಳೆ. ಅವನು ಆಮೇಲೆ ಮಾಡುವುದೇನು? ಡಾರ್ಸಿಯ ತಲೆಯಲ್ಲಿ ಹುಟ್ಟುತ್ತಿರುವ ಜಾಹೀರಾತಿನ ಕಲ್ಪನೆಗಳನ್ನು ಅವಳು ಬಾಯಿಬಿಡುವ ಮೊದಲೇ ಕದ್ದು ತನ್ನದೆಂದು ಹೇಳುತ್ತಾನೆ. ನೈಕಿ ಕಂಪೆನಿಯ ಬೂಟಿನ ಜಾಹೀರಾತು, ಒಬ್ಬಂಟಿಯಾಗಿ ಓಡುವ ಹೆಣ್ಣಿನ ಕಲ್ಪನೆ, ಎಲ್ಲವೂ ಅವಳದು. ಹೆಸರು ಅವನದು. ಕೊನೆಗೆ ಕೆಲಸ ಕಳೆದುಕೊಳ್ಳುವವಳು ಅವಳು. ಕಚೇರಿಗಳಲ್ಲಿ ದುಡಿಯುವ ಹೆಂಗಸರಿಗೆ ಇದನ್ನು ಅರ್ಥಮಾಡಿಸಲು ಯಾವ ವಿದ್ಯುತ್ ಪವಾಡವೂ ಬೇಕಿಲ್ಲ. ತಾವು ಹೇಳಿದ ಮಾತು ಪಕ್ಕದ ಕುರ್ಚಿಯ ಗಂಡಸಿನ ಬಾಯಿಂದ ಬಂದಾಗ ಮಾತ್ರ ಮೇಲಧಿಕಾರಿಗೆ ಕೇಳಿಸಿದ ಅನುಭವ ಅವರಿಗೆ ಬೇಕಾದಷ್ಟಿದೆ. ಈ ಭಾಗವನ್ನು ನೋಡುವಾಗ ಕೆಲಸಕ್ಕೆ ಹೋಗುವ ಹೆಂಗಸರು ನಗುವುದನ್ನು ನಿಲ್ಲಿಸುತ್ತಾರೆ. ನಮ್ಮೊಡನೆ ನೋಡಿದವರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ.

ಈ ಕಳ್ಳತನಕ್ಕಾಗಿ ಚಿತ್ರ ಅವನಿಂದ ತಪ್ಪೊಪ್ಪಿಗೆ ಮಾಡಿಸುತ್ತದೆ, ಸರಿ. ಆದರೆ ಕಾಫಿ ಅಂಗಡಿಯ ಲೋಲಾಳ ಗತಿ? ಮತ್ತೆ ಮೋಸಹೋಗಬಹುದೆಂಬ ಅವಳ ಹೆದರಿಕೆಯನ್ನೇ ಕದ್ದು ಕೇಳಿ, ಅದಕ್ಕೆ ತಕ್ಕಂತೆ ಮಾತಾಡಿ ಅವಳನ್ನು ಒಲಿಸಿಕೊಂಡವನು, ಆಮೇಲೆ ಅವಳತ್ತ ತಿರುಗಿಯೂ ನೋಡುವುದಿಲ್ಲ. ಹೆಣ್ಣನ್ನು ಇಷ್ಟು ಅರಿತವನು ಹೆಣ್ಣನ್ನು ಬಯಸುವವನಾಗಿರಲಾರ ಎಂದು ಅವಳೇ ಊಹಿಸಿದಾಗ, ಹೌದೆಂದು ತಲೆಯಾಡಿಸಿ ಪಾರಾಗುತ್ತಾನೆ. ಚಿತ್ರಮಂದಿರ ನಗುತ್ತದೆ. ಡಾರ್ಸಿಯಿಂದ ಕದ್ದದ್ದು ಜಾಹೀರಾತು, ಅದಕ್ಕೆ ಬೆಲೆಯಿದೆ. ಲೋಲಾಳಿಂದ ಕದ್ದದ್ದಕ್ಕೆ ಬೆಲೆಯಿಲ್ಲವೆಂದೇ ಚಿತ್ರದ ಲೆಕ್ಕ.

ಇನ್ನು, ಈ ಚಿತ್ರದ ಬಗ್ಗೆ ಮೆಚ್ಚಿದವರೂ ಮೆಚ್ಚದವರೂ ಒಟ್ಟಾಗಿ ಹೇಳುವ ಒಂದು ದೂರಿದೆ. ಎರಿನ್ ಎಂಬ ಹುಡುಗಿಯ ಪ್ರಸಂಗ ಹಾಸ್ಯಚಿತ್ರಕ್ಕೆ ಹೊಂದುವುದಿಲ್ಲ, ಎಲ್ಲಿಂದಲೋ ತಂದು ಅಂಟಿಸಿದಂತಿದೆ ಎನ್ನುವುದು. ಎರಿನ್ ಆ ಕಚೇರಿಯಲ್ಲಿ ಕಡತಗಳನ್ನು ಹೊತ್ತು ತಿರುಗುವವಳು. ಜಾಹೀರಾತು ಬರೆಯುವ ಕೆಲಸಕ್ಕೆ ಅರ್ಜಿ ಹಾಕಿ ತಿರಸ್ಕೃತಳಾದವಳು. ಯಾರೂ ಅವಳ ಮುಖ ನೋಡುವುದಿಲ್ಲ. ತಾನು ಇಲ್ಲವಾದರೆ ಇಲ್ಲಿ ಯಾರಿಗೂ ತಿಳಿಯದು ಎಂದು ಅವಳು ಯೋಚಿಸುತ್ತಾ ಹಾದುಹೋಗುವುದು ನಿಕ್‌ಗೆ ಕೇಳಿಸುತ್ತದೆ. ಆದರೆ ಅವನಿಗೆ ಬೇರೆ ಅವಸರಗಳಿವೆ. ಒಂದು ದಿನ ಅವಳು ಕೆಲಸಕ್ಕೆ ಬರುವುದಿಲ್ಲ. ಆಗ ಅವನಿಗೆ ಎದೆ ಧಸಕ್ಕೆನ್ನುತ್ತದೆ. ಮಳೆಯಲ್ಲಿ ಅವಳ ಮನೆ ಹುಡುಕಿಕೊಂಡು ಹೊರಡುತ್ತಾನೆ.

ಈ ಪ್ರಸಂಗ ಅಂಟಿಸಿದ್ದಲ್ಲ, ಇಡೀ ಚಿತ್ರದಲ್ಲಿ ಗಟ್ಟಿಯಾಗಿರುವುದು ಇದೊಂದೇ ಎಂಬುದು ನಮ್ಮ ಅಭಿಪ್ರಾಯ. ಹೆಚ್ಚಿನವರು ಗಮನಿಸದ ಒಂದು ಸಂಗತಿ ಇಲ್ಲಿದೆ. ಎರಿನ್‌ಳನ್ನು ಹುಡುಕುವ ದಾರಿಯಲ್ಲೇ, ಸಿಡಿಲುಮಳೆಯ ನಡುವೆ ನಿಕ್ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತಾನೆ. ಅವಳ ಬಾಗಿಲು ತಟ್ಟುವಾಗ ಅವಳ ಮನಸ್ಸಿನಲ್ಲಿ ಏನಿದೆಯೆಂದು ಅವನಿಗೆ ತಿಳಿಯದು. ನಮ್ಮ ನಿಮ್ಮಂತೆ ಅವನೂ ಕೇಳಬೇಕು, ಉತ್ತರಕ್ಕೆ ಕಾಯಬೇಕು, ತಪ್ಪು ಮಾತಾಡಿ ನಾಲಿಗೆ ಕಚ್ಚಿಕೊಳ್ಳಬೇಕು. ಅವಳಿಗೆ ನಿರಾಕರಿಸಿದ್ದ ಆ ಕೆಲಸವನ್ನು ಅವನು ಕೊಡುವುದು ಆಗ. ಅದೇ ರಾತ್ರಿ ಮಗಳ ಬಳಿ ಹೋಗುತ್ತಾನೆ. ತನ್ನ ಬಯಕೆಗೆ ಮಣಿಯಲಿಲ್ಲವೆಂದು ಗೆಳೆಯ ಅವಳನ್ನು ಶಾಲೆಯ ನೃತ್ಯಕೂಟದಲ್ಲಿ ಕೈಬಿಟ್ಟಿದ್ದಾನೆ. ಅಪ್ಪ ಅವಳ ಜೊತೆ ಕೂರುತ್ತಾನೆ. ಅಲ್ಲಿಯೂ ಶಕ್ತಿಯಿಲ್ಲ. ಆಮೇಲೆ ಡಾರ್ಸಿಯ ಮನೆ. ಅಲ್ಲಿಯೂ ಇಲ್ಲ. ಅವನು ಸರಿಯಾಗಿ ನಡೆದುಕೊಳ್ಳುವ ಮೂರೂ ಕಡೆಗಳಲ್ಲಿ ಅವನ ಕಿವಿ ಎಲ್ಲರಂತೆಯೇ ಇದೆ. ಶಕ್ತಿಯಿದ್ದಾಗ ಮಾಡಿದ್ದು ಕಳ್ಳತನ, ಕಳೆದುಕೊಂಡ ಮೇಲೆ ಮಾಡಿದ್ದು ಮನುಷ್ಯತನ. ಬರೆದವರು ಇದನ್ನು ತಿಳಿದೇ ಮಾಡಿದರೋ ಕಥೆಯ ಓಟದಲ್ಲಿ ತಾನಾಗಿ ಹಾಗಾಯಿತೋ, ನಮಗೆ ಬೇಕಾಗಿಲ್ಲ. ಚಿತ್ರದಲ್ಲಿ ಅದಿದೆ.

ಇತ್ತೀಚಿನ ವರ್ಷಗಳಲ್ಲಿ ಚಿತ್ರವನ್ನು ಮತ್ತೆ ನೋಡಿದವರ ಅಭಿಪ್ರಾಯಕ್ಕೆ ಇನ್ನೊಂದು ಎಳೆ ಸೇರಿಕೊಂಡಿದೆ. 2006ರಲ್ಲಿ ಕುಡಿದು ಕಾರು ಓಡಿಸಿ ಬಂಧನಕ್ಕೊಳಗಾದಾಗ ಗಿಬ್ಸನ್ ಯೆಹೂದಿಯರ ಬಗ್ಗೆ ಹೊಲಸು ಮಾತಾಡಿದ್ದು ಜಗಜ್ಜಾಹೀರಾಯಿತು. ಆಮೇಲೆ ಕ್ಷಮೆ ಕೇಳಿದ. 2010ರಲ್ಲಿ, ತನ್ನ ಜೊತೆ ಬಾಳಿದ ಹೆಣ್ಣಿನ ಮೇಲೆ ಅವನು ಫೋನಿನಲ್ಲಿ ಕೂಗಾಡಿದ ಧ್ವನಿಮುದ್ರಿಕೆಗಳು ಹೊರಬಂದವು. 2011ರಲ್ಲಿ ಅವಳ ಮೇಲೆ ಕೈಮಾಡಿದ ಆರೋಪವನ್ನು ತಾನು ಪ್ರಶ್ನಿಸುವುದಿಲ್ಲವೆಂದು ನ್ಯಾಯಾಲಯಕ್ಕೆ ತಿಳಿಸಿ ಶಿಕ್ಷೆಗೆ ಒಳಗಾದ. ಈಗ ಅದೇ ಮುಖ ತೆರೆಯ ಮೇಲೆ ಹೆಣ್ಣಿನ ಮನಸ್ಸನ್ನು ಅರಿತು ಮುಗುಳ್ನಗುವಾಗ, ಹಿಂದೆ ನಕ್ಕವರಿಗೂ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಟನ ಬದುಕನ್ನು ಪಾತ್ರಕ್ಕೆ ಬೆರೆಸಬಾರದು ಎಂಬ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಇಂಥ ಕಥೆಯಿರುವ ಚಿತ್ರದಲ್ಲಿ ಬೆರೆಸದೆ ಕೂರುವುದು ಕಷ್ಟ. ನೋಡುಗರ ತಪ್ಪಲ್ಲ ಅದು.

ಕಥೆಯ ಎಳೆ ಬಹಳ ಊರು ಸುತ್ತಿದೆ. 2011ರಲ್ಲಿ ಚೀನಾದಲ್ಲಿ ಆಂಡಿ ಲಾವ್ ಮತ್ತು ಗಾಂಗ್ ಲೀ ಅಭಿನಯಿಸಿದ ಚಿತ್ರ ಬಂತು. 2022ರಲ್ಲಿ ಗುಜರಾತಿಯಲ್ಲೂ ಹೆಂಗಸರ ಮನಸ್ಸು ಕೇಳಿಸುವ ಯುವಕನೊಬ್ಬ ತೆರೆಗೆ ಬಂದ. ಆದರೆ ಹೆಚ್ಚು ಕುತೂಹಲದ್ದು 2019ರ 'ವಾಟ್ ಮೆನ್ ವಾಂಟ್'. ಇದರಲ್ಲಿ ಎಲ್ಲವೂ ತಲೆಕೆಳಗು. ತರಾಜಿ ಪಿ. ಹೆನ್ಸನ್ ಎಂಬ ಕರಿಯ ನಟಿ ಅಟ್ಲಾಂಟಾದಲ್ಲಿ ಆಟಗಾರರ ಏಜೆಂಟ್. ಗಂಡಸರೇ ತುಂಬಿದ ಸಂಸ್ಥೆಯಲ್ಲಿ ಪಾಲುದಾರಿಕೆ ಕೈತಪ್ಪಿದವಳು. ಅವಳಿಗೆ ಗಂಡಸರ ಮನಸ್ಸು ಕೇಳಿಸತೊಡಗುತ್ತದೆ. ಗಂಡಸರ ತಲೆಯಲ್ಲಿ ಇಷ್ಟೇ ಇರುವುದೇ ಎಂದು ಈ ಬಾರಿ ಗಂಡಸರು ದೂರಿದರು. ಹತ್ತೊಂಬತ್ತು ವರ್ಷ ಹಿಂದೆ ಹೆಂಗಸರು ಕೇಳಿದ್ದೂ ಅದನ್ನೇ ಎಂಬುದು ಅವರಲ್ಲಿ ಎಷ್ಟು ಜನರಿಗೆ ನೆನಪಾಯಿತೋ! ಅವಳೂ ಸಾಧುವೇನಲ್ಲ. ಒಬ್ಬ ಗಿರಾಕಿಯನ್ನು ಒಲಿಸಿಕೊಳ್ಳಲು ಪರಿಚಯದ ಗಂಡಸೊಬ್ಬನನ್ನೂ ಅವನ ಮಗುವನ್ನೂ, ಅವನಿಗೆ ತಿಳಿಸದೆಯೇ, ತನ್ನ ಗಂಡ ಮತ್ತು ಮಗು ಎಂದು ತೋರಿಸುತ್ತಾಳೆ. ಆದರೂ ಒಂದು ವ್ಯತ್ಯಾಸ ನಮಗೆ ಮುಖ್ಯವಾಗಿ ಕಂಡಿತು. ನಿಕ್ ಮನಸ್ಸು ಓದಿದ್ದು ಇದ್ದ ಸ್ಥಾನಕ್ಕಿಂತ ಮೇಲಕ್ಕೇರಲು. ಅವಳು ಓದಿದ್ದು ಮುಚ್ಚಿದ ಬಾಗಿಲಿನ ಆಚೆ ತನ್ನ ಬಗ್ಗೆ ಏನು ನಡೆಯುತ್ತಿದೆ ಎಂದು ತಿಳಿಯಲು. ಮನಸ್ಸು ಓದುವ ವಿದ್ಯೆ ಅಧಿಕಾರವಿದ್ದವನಿಗೆ ಹೊಸ ಆಟಿಕೆ, ಇಲ್ಲದವಳಿಗೆ ಹಳೆಯ ಅಭ್ಯಾಸ. ಯಜಮಾನನ ಮುಖ ನೋಡಿ ಅವನ ಮನಸ್ಸನ್ನು ಊಹಿಸದೆ ಬದುಕಿದ ಆಳು ಯಾವ ದೇಶದಲ್ಲೂ ಇಲ್ಲ. ಮನೆಗಳ ಒಳಗೂ ಹಾಗೆಯೇ. ಗಂಡನ ಚಪ್ಪಲಿಯ ಸದ್ದಿನಿಂದಲೇ ಅವನ ಸಿಟ್ಟನ್ನು ಅಳೆಯುವ ಹೆಂಗಸಿಗೆ ಯಾವ ಶಾಕೂ ಬೇಕಾಗಿಲ್ಲ.

ಹಳೆಯ ಚಿತ್ರವನ್ನು ಮೊದಲು ನೋಡಿದಾಗ ನಾವು ಎಲ್ಲರಂತೆ ನಕ್ಕವರೇ. ಎರಿನ್ ಕಡತಗಳನ್ನು ಹಿಡಿದು ಹಾದುಹೋಗುವ ಆ ಕೆಲವು ಕ್ಷಣಗಳಲ್ಲಿ ಅವಳ ಯೋಚನೆ ತೆರೆಯಿಂದ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಹಿಂದಿನ ದೃಶ್ಯದ ನಗು ಕೋಣೆಯಲ್ಲಿ ಇನ್ನೂ ಇಳಿದಿರಲಿಲ್ಲ. ಅವಳು ಏನೆಂದುಕೊಂಡಳೆಂದು ನಮಗೆ ತಿಳಿದದ್ದು ಎರಡನೆಯ ಸಲ ನೋಡಿದಾಗ.